ಭಾನುವಾರದ ಪ್ರಶ್ನೋತ್ತರ: ಹಳೇ ಗಾಡಿಯ ಕಾರ್ಬುರೇಟರ್ ತೆಗೆಸೋದಾ, ಇಟ್ಕೊಳ್ಳೋದಾ?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು 10ರಿಂದ 1ರ ತನಕ ಮೇಸ್ತ್ರಿ ನಮ್ಮ ಜೊತೆ ಇರ್ತಾರೆ. ಮೈಸೂರಲ್ಲಿ 30 ವರ್ಷದಿಂದ ಟೂ-ಸ್ಟ್ರೋಕ್ ಗಾಡಿ ಬಿಚ್ಚಿ ಕಟ್ಟಿದವರು. ವಿಷಯ ಒಂದೇ, ಒರಿಜಿನಲ್ ಕಾರ್ಬ್, ಅಂದ್ರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡೋ ಕಾರ್ಬುರೇಟರ್, ತೆಗೆದು ಬೇರೆ ಹಾಕೋದು. ಶುಭೋದಯದ ಫೋಟೋ ಯಾರೂ ಹಾಕಬೇಡಿ.

ಜಾವಾ ಮಂಜು, ಮಂಡ್ಯ: ಅಣ್ಣ, ನಮ್ಮಪ್ಪನ ಕಾಲದ ಜಾವಾ 250, ಗಾಡಿ ಜೊತೆ ಬಂದ ಜಿಕೋವ್ ಕಾರ್ಬ್. ಸ್ಲೋನಲ್ಲಿ ನಿಲ್ಲಾಕಿಲ್ಲ. ಒಂದ್ಸಲ ತಾನೇ ಏರ್ತದೆ, ಒಂದ್ಸಲ ಆಫ್. ಎಲ್ರೂ ಅದನ್ನ ತೆಗೆದು ಮಿಕುನಿ ಕಂಪನಿ ಕಾರ್ಬ್ ಹಾಕ್ಸು ಅಂತಾರೆ.

ಮೇಸ್ತ್ರಿ: ಹಾಕಿಸೋ ಮುಂಚೆ ಎರಡು ನೋಡಿ. ಕಾರ್ಬ್ ಬಿಚ್ಚಿ, ಇಂಜಿನ್ನಿಗೆ ಕೂರೋ ಚಪ್ಪಟೆ ಫ್ಲಾಂಜ್ ಮುಖವನ್ನ ಗಾಜಿನ ಮೇಲಿಟ್ಟು ಒತ್ತಿ. ಎರಡೂ ನಟ್ಟನ್ನ ಬಿಗಿದು ಬಿಗಿದು ಅದು ಬಾಗಿರುತ್ತೆ, ಆ ಸಂದಿಯಿಂದ ಗಾಳಿ ಎಳೀತಾ ಇರುತ್ತೆ. ಗಾಜಿನ ಮೇಲೆ ಎಮೆರಿ ಪೇಪರ್ ಹಾಸಿ ಉಜ್ಜಿದ್ರೆ ಸಮ ಆಗುತ್ತೆ. ಆಮೇಲೆ ಆಕ್ಸಿಲರೇಟರ್ ಕೊಟ್ಟಾಗ ಮೇಲೇಳೋ ಸ್ಲೈಡನ್ನ ಬೆರಳಲ್ಲಿ ಹಿಂದೆ ಮುಂದೆ ಆಡಿಸಿ. ಲಟಲಟ ಅಂದ್ರೆ ಸವೆದಿದೆ, ಆಗ ಮಿಕುನಿ ಮಾತು. ಅಲ್ಲೀ ತನಕ ದುಡ್ಡು ಜೇಬಲ್ಲಿರಲಿ.

ಆರ್‌ಡಿ ಹುಡುಗ, ಮೈಸೂರು: ಅಣ್ಣ, 1985ರ ರಾಜದೂತ್ 350, ಎಲ್ರೂ ಆರ್‌ಡಿ ಅಂತೀವಲ್ಲ ಅದು. ಎಡಗಡೆ ಕಾರ್ಬ್ ಓವರ್‌ಫ್ಲೋ ಆಗ್ತಿತ್ತು ಅಂತ ಎರಡನ್ನೂ ತೆಗೆಸಿ, ಆನ್‌ಲೈನಲ್ಲಿ ಸಿಕ್ಕಿದ 28 ಎಂ.ಎಂ. ಬಾಯಿಯ ಜೋಡಿ ನಿನ್ನೆ ಹಾಕಿಸ್ದೆ. ಏರಿಯಾ ಒಳಗೆ ನಾಲ್ಕೈದು ಕಿ.ಮೀ. ಓಡ್ಸಿದೀನಿ ಅಷ್ಟೆ. ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ತಕ್ಷಣ ಇಳಿಯಲ್ಲ. ಪೆಟ್ರೋಲ್ ಬರೋ ತೂತಿನ ಜೆಟ್ ಇದೆಯಲ್ಲ, ಅದು ಯಾವ ನಂಬರಿಂದು ಹಾಕ್ಬೇಕು? ಖುಷಿ ಏನಂದ್ರೆ ಮೊದಲಿದ್ದ ಹೊಗೆ ಪೂರ್ತಿ ನಿಂತಿದೆ, ಸಕತ್ ಕ್ಲೀನ್.

ಬುಲೆಟ್ ಸ್ವಾಮಿ, ತುಮಕೂರು: ಸರ್, ಹಳೇ ಎರಕದ ಇಂಜಿನ್ ಬುಲೆಟ್ 350. 24 ಎಂ.ಎಂ.ನ ಮಿಕಾರ್ಬ್ ಕಂಪನಿ ಕಾರ್ಬ್ ತೆಗೆದು 28 ಹಾಕಿದ್ರೆ ಪಿಕಪ್ ಬರುತ್ತಾ?

ಮೇಸ್ತ್ರಿ: ಬುಲೆಟ್ಟಿನವರೇ, ಬೇಡ. ಪೋರ್ಟ್ ಚಿಕ್ಕದು, ಬಾಯಿ ದೊಡ್ಡದು ಮಾಡಿದ್ರೆ ಕೆಳಗಿನ ಎಳೆತಾನೂ ಹೋಗುತ್ತೆ.

ಆರ್‌ಡಿ ತಮ್ಮಾ, ಜೆಟ್ ಮಾತು ಆಮೇಲೆ. ಹೊಗೆ ನಿಂತಿದೆ ಅಂದ್ಯಲ್ಲ, ನನಗೆ ಹೆದರಿಕೆ ಆಗಿದ್ದೇ ಅದಕ್ಕೆ. ಇಂಜಿನ್ನಿಗೆ ತಾನೇ ಎಣ್ಣೆ ಕೊಡೋ ಆಟೋಲ್ಯೂಬ್ ಪಂಪಿಂದ ಬರೋ ಎರಡು ಸಣ್ಣ ಎಣ್ಣೆ ಪೈಪ್ ಈಗ ಎಲ್ಲಿವೆ?

ಆರ್‌ಡಿ ಹುಡುಗ: ಹೊಸ ಕಾರ್ಬಲ್ಲಿ ಅದಕ್ಕೆ ತೂತೇ ಇಲ್ಲ ಅಣ್ಣ. ಹಾಕಿದವರು ಪೈಪಿಗೆ ಸ್ಕ್ರೂ ಕೊಟ್ಟು ಬಂದ್ ಮಾಡಿದ್ರು.

ಮೇಸ್ತ್ರಿ: ಪೆಟ್ರೋಲಿಗೆ ಟೂಟಿ ಆಯಿಲ್, ಅಂದ್ರೆ ಟೂ-ಸ್ಟ್ರೋಕ್ ಎಣ್ಣೆ, ಬೆರೆಸಿದ್ದೀಯಾ?

ಮೇಸ್ತ್ರಿ: ತಮ್ಮಾ, ಇದಕ್ಕೆ ಉತ್ತರ ಹೇಳು.

ಮೇಸ್ತ್ರಿ: ಓದ್ತಾ ಇದ್ರೆ ಗಾಡಿ ಮುಟ್ಟಬೇಡ. ಬೇರೆಯವರೂ ಓದಿ, ಯಾಕಂದ್ರೆ ಇದು ನಾಲ್ಕನೇ ಗಾಡಿ ನಾನು ನೋಡ್ತಿರೋದು. ಯೆಜ್ಡಿಗೆ ಎಣ್ಣೆ ಟ್ಯಾಂಕಲ್ಲೇ ಬೆರೆಸ್ತೀವಿ. ರಾಜದೂತ್ 350ಗೆ ಬೇರೆ ಡಬ್ಬಿ ಇದೆ. ಪಂಪ್ ಅಲ್ಲಿಂದ ಎಳೆದು ಕಾರ್ಬಿಗೆ ಕೊಡುತ್ತೆ, ಗಾಳಿ ಪೆಟ್ರೋಲ್ ಜೊತೆ ಅದು ಕ್ರ್ಯಾಂಕಿಗೂ ಪಿಸ್ಟನ್ನಿಗೂ ಹೋಗುತ್ತೆ. ಆಕ್ಸಿಲರೇಟರ್ ಕೇಬಲ್ ಮೂರಾಗಿ ಸೀಳಿರೋದು ಯಾಕೆ? ಎರಡು ಕಾರ್ಬಿಗೆ, ಒಂದು ಪಂಪಿಗೆ. ಪೈಪ್ ಬಂದ್ ಮಾಡಿ ಸಾದಾ ಪೆಟ್ರೋಲ್ ಹಾಕಿದ್ರೆ ಇಂಜಿನ್ ಒಣಗಂಟಲಲ್ಲಿ ಓಡುತ್ತೆ. ಹೊಗೆ ಇರಲ್ಲ ನಿಜ, ಸ್ವಲ್ಪ ಹೊತ್ತಿಗೆ ಪಿಸ್ಟನ್ನೂ ಇರಲ್ಲ.

ಜೊತೆಗೆ ಆರ್‌ಪಿಎಂ ಇಳಿಯಲ್ಲ ಅಂತಾನೆ. ಎರಡು ಸ್ಲೈಡ್ ಒಟ್ಟಿಗೆ ಕೂರ್ತಿಲ್ಲ, ಇಲ್ಲಾ ಕಾರ್ಬಿನ ರಬ್ಬರ್ ಹತ್ರ ಗಾಳಿ ಸೋರ್ತಿದೆ, ಇಲ್ಲಾ ಕ್ರ್ಯಾಂಕ್ ಸೀಲ್ ಹೋಗಿದೆ. ಗಾಳಿ ಸೋರಿಕೆ ಆಗಿದ್ರೆ ಪೆಟ್ರೋಲೂ ಕಮ್ಮಿ, ಎಣ್ಣೆಯಂತೂ ಇಲ್ಲವೇ ಇಲ್ಲ. ಇಂಥ ಕಾರ್ಬ್ ಹಾಕಲೇಬೇಕು ಅಂದ್ರೆ ಪೆಟ್ರೋಲಿಗೆ ಲೀಟರಿಗೆ 30ರಿಂದ 40 ಎಂ.ಎಲ್. ಎಣ್ಣೆ ಬೆರೆಸಿ, ಆಮೇಲೆ ಕಿಕ್ ಹೊಡೀರಿ. ಓವರ್‌ಫ್ಲೋಗೆ ಪೆಟ್ರೋಲ್ ತಡೆಯೋ ಫ್ಲೋಟ್ ನೀಡಲ್ಲು, ಅದರ ಸೀಟು ಬದಲಾಯಿಸಿದ್ರೆ ಸಾಕಿತ್ತು. ಆ ಒರಿಜಿನಲ್ ಜೋಡಿ ಎಲ್ಲಿದೆ ತಮ್ಮಾ?

ಹುಬ್ಬಳ್ಳಿ ಯೆಜ್ಡಿ: ನಮಸ್ಕಾರ್ರೀ. ನಂದೂ ಜಿಕೋವ್ ಐತ್ರಿ, ಸ್ಲೋ ನಿಂದ್ರಂಗಿಲ್ಲ. ಮಿಕುನಿ ಹಾಕ್ಲೇನ್ರಿ?

ಮೇಸ್ತ್ರಿ: ಮಂಜು ಅವರಿಗೆ ಹೇಳಿದ್ದೇ.

ವಿಂಟೇಜ್ ರಾಯರು, ಬೆಂಗಳೂರು: ಜಿಕೋವ್ ತೆಗೆದ ಮೇಲೆ ಅದನ್ನು ಜಾವಾ ಎನ್ನಬೇಡಿ. ರ‍್ಯಾಲಿಯಲ್ಲಿ ತೀರ್ಪು ಕೊಡುವವರು ಮೊದಲು ಬಗ್ಗಿ ನೋಡುವುದೇ ಕಾರ್ಬುರೇಟರನ್ನು.

ಹುಬ್ಬಳ್ಳಿ ಯೆಜ್ಡಿ: ನಾ ಗಾಡಿ ತಗೊಂಡಿದ್ದು ಓಡ್ಸಾಕ್ರೀ ರಾಯರ, ಪೂಜಿ ಮಾಡಾಕಲ್ಲ. ಕಾರ್ಖಾನಿಯವ್ರ ಕಡಿಕಡೀಕ ಮಿಕಾರ್ಬ್ ಹಾಕಿ ಮಾರ್ಯಾರ. ಅವ್ರಿಗೂ ಬಗ್ಗಿ ನೋಡ್ತೀರೇನು?

ವಿಂಟೇಜ್ ರಾಯರು: ಅದು ಆ ಮಾಡೆಲಿಗೆ ಸರಿ. 60ರ ದಶಕದ ಗಾಡಿಗೆ ಹಾಕಿದರೆ ಸರಿಯಲ್ಲ. ಮೈಸೂರು ಯಾದವಗಿರಿಯ ಜಾವಾ-ಯೆಜ್ಡಿ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ, ಇರುವ ಗಾಡಿಗಳನ್ನೂ ನೀವೇ ಕೆಡಿಸಿ.

ಜಾವಾ ಮಂಜು: ರಾಯರೇ, ನಿಮ್ಮ ಗಾಡಿ ಗ್ಯಾರೇಜ್ ಬಿಟ್ಟು ಆಚೆ ಬಂದು ಎಷ್ಟು ವರ್ಷ ಆಯ್ತು?

ಮಂಗಳೂರು ಶೆಟ್ರು: ಮೇಸ್ತ್ರಿಯವರೇ, ನನ್ನ ಹತ್ರ ವಿಜಯ್ ಸೂಪರ್ ಸ್ಕೂಟರ್ ಉಂಟು, ಅದಕ್ಕೆ ಯಾವ ಕಾರ್ಬ್ ಹೊಂದ್ತದೆ ಮಾರಾಯ್ರೆ?

ದಾವಣಗೆರೆ ಕುಮಾರ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ. "ಟ್ಯಾಂಕಿಗೆ ನಾಲ್ಕು ಕರ್ಪೂರ ಹಾಕಿದರೆ ಮೈಲೇಜ್ ಹೆಚ್ಚು. ಹುಣಸೆ ನೀರಲ್ಲಿ ಕಾರ್ಬುರೇಟರ್ ಕುದಿಸಿದರೆ ಹೊಸದಾಗುತ್ತದೆ. ಜೆಟ್ ಕಟ್ಟಿದರೆ ಗಿಟಾರ್ ತಂತಿಯಿಂದ ಚುಚ್ಚಿ."

ಮೇಸ್ತ್ರಿ: ಕರ್ಪೂರ ದೇವರಿಗೆ ಹಚ್ಚಿ. ಹುಣಸೆ ಹಿತ್ತಾಳೆ ಬಿಂದಿಗೆಗೆ ಸರಿ. ಕಾರ್ಬಿನ ಬಾಡಿ ಹಿತ್ತಾಳೆ ಅಲ್ಲ, ಹುಳಿಯಲ್ಲಿ ಕುದಿಸಿದ್ರೆ ಲೋಹಾನೇ ತಿಂದುಹಾಕುತ್ತೆ. ತಂತಿ ವಿಷಯಕ್ಕೆ ಲೆಕ್ಕ ಹೇಳ್ತೀನಿ. 1 ಎಂ.ಎಂ. ತೂತು 1.05 ಆದ್ರೆ ಅದರ ವಿಸ್ತೀರ್ಣ ನೂರಕ್ಕೆ 10 ಹೆಚ್ಚು. ಕಣ್ಣಿಗೆ ಕಾಣಲ್ಲ, ಪ್ಲಗ್ ಕಪ್ಪಾದಾಗ ಗೊತ್ತಾಗುತ್ತೆ. ಕಾರ್ಬ್ ಕ್ಲೀನರ್ ಸ್ಪ್ರೇ, ಕಂಪ್ರೆಸರ್ ಗಾಳಿ, ಇಷ್ಟೇ. ಫಾರ್ವರ್ಡ್ ಮಾಡಿದವನು ನಿಮ್ಮ ಗಾಡಿ ಸಿಲಿಂಡರ್ ಬೋರ್ ಮಾಡಿಸಿಕೊಡಲ್ಲ.

ದಾವಣಗೆರೆ ಕುಮಾರ: ಸರ್, ಹಾಕಿ ನೋಡಿದವರೇ ಬರೆದಿರೋದು.

ಮೇಸ್ತ್ರಿ: ಹಾಗಾದ್ರೆ ಅವರನ್ನೇ ಕೇಳಿ.

ಹಾಸನದ ಪಾಟೀಲ: ಈಗಿನ 20 ಪರ್ಸೆಂಟ್ ಎಥೆನಾಲ್ ಪೆಟ್ರೋಲಿಗೆ ಹಳೇ ಕಾರ್ಬ್ ಆಗಲ್ಲ, ಹೊಸದೇ ಹಾಕ್ಬೇಕು ಅಂತಾರೆ. ನಿಜಾನಾ?

ಮೇಸ್ತ್ರಿ: ಒಳ್ಳೇ ಪ್ರಶ್ನೆ. ಕಾರ್ಬ್ ಬದಲಾಯಿಸೋದು ಬೇಡ, ಒಳಗಿನ ರಬ್ಬರ್ ಬದಲಾಯಿಸಿ. ಹಳೇ ಪೈಪ್, ಓ-ರಿಂಗ್, ರಬ್ಬರ್ ತುದಿಯ ನೀಡಲ್ ಇದ್ರೆ ಅದು, ಎಲ್ಲ ಎಥೆನಾಲಲ್ಲಿ ಉಬ್ಬುತ್ವೆ, ಮೆತ್ತಗಾಗ್ತವೆ. ಎರಡನೇದು, 1 ಕೆ.ಜಿ. ಸಾದಾ ಪೆಟ್ರೋಲ್ ಉರಿಯೋಕೆ 14.7 ಕೆ.ಜಿ. ಗಾಳಿ ಬೇಕು, ಎಥೆನಾಲಿಗೆ 9 ಸಾಕು. ಅಂದ್ರೆ ಹಳೇ ಜೆಟ್ಟಲ್ಲಿ ಮಿಶ್ರಣ ಸ್ವಲ್ಪ ತೆಳ್ಳಗಾಗುತ್ತೆ, ಗಾಳಿ ಜಾಸ್ತಿ ಆಗುತ್ತೆ. ಪ್ಲಗ್ ಬಿಳಿ ಬಂದ್ರೆ ಮೇನ್ ಜೆಟ್ ಒಂದು ನಂಬರ್ ಮೇಲಕ್ಕೆ. ಮಿಕುನಿ ಜೆಟ್ ನಂಬರೂ ಕೈಹಿನ್ ಕಂಪನಿ ಜೆಟ್ ನಂಬರೂ ಒಂದೇ ಅಳತೆ ಅಲ್ಲ, ಅಂಗಡಿಯವನು ಎರಡೂ 120ಏ ಅಂದ್ರೆ ನಂಬಬೇಡಿ. ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಕಾರ್ಬಿನ ಕೆಳಗೆ ಪೆಟ್ರೋಲ್ ನಿಲ್ಲೋ ಬೌಲ್ ಖಾಲಿ ಮಾಡಿ, ಎಥೆನಾಲ್ ನೀರು ಹೀರಿಕೊಂಡು ಬಿಳೀ ಪುಡಿ ಕಟ್ಟುತ್ತೆ.

ಬುಲೆಟ್ ಸ್ವಾಮಿ: ಸರ್, 28 ಬೇಡ ಅಂದ್ರೆ 26 ಹಾಕಬಹುದಾ?

ಮೇಸ್ತ್ರಿ: ಬೇಡ.

ಬುಲೆಟ್ ಸ್ವಾಮಿ: ಏರ್ ಫಿಲ್ಟರ್ ತೆಗೆದು 28?

ಮೇಸ್ತ್ರಿ: ಸ್ವಾಮಿಗಳೇ, ನಿಮ್ಮ ಗಾಡಿ, ನಿಮ್ಮ ದುಡ್ಡು.

ಮಂಗಳೂರು ಶೆಟ್ರು: ನನ್ನ ವಿಜಯ್ ಸೂಪರಿನ ವಿಷಯ ಕೇಳಿದ್ದೆ.

ವಿಂಟೇಜ್ ರಾಯರು: ಮಂಜು ಅವರೇ, ನನ್ನ ಗ್ಯಾರೇಜಿನ ವಿಚಾರ ನಿಮಗೆ ಬೇಡ. ಎಂಜಲು ಪಾರ್ಟು ಹಾಕಿ ಓಡಿಸುವವರಿಗೆ ಅದರ ಬೆಲೆ ತಿಳಿಯುವುದಿಲ್ಲ.

ಹುಬ್ಬಳ್ಳಿ ಯೆಜ್ಡಿ: ಎಂಜಲು ಅಂದ್ರೇನ್ರೀ? ಮಾತು ನೆಟ್ಟಗಿರ್ಲಿ!

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಮಾತು ಬಂದ್ರೆ ತೆಗೀತೀನಿ.

ಆರ್‌ಡಿ ಹುಡುಗ: ಅಣ್ಣ, ಈಗ ನೋಡ್ದೆ ಮೆಸೇಜು. ಎಣ್ಣೆ ಬೆರೆಸಿಲ್ಲ. ನಂಜನಗೂಡಿಗೆ ಅಂತ ಹೊರಟಿದ್ದೆ, ಕಡಕೊಳ ಹತ್ರ ಹಿಂದಿನ ಚಕ್ರ ಒಮ್ಮೆಲೇ ಹಿಡ್ಕೊಂಡುಬಿಡ್ತು. ಕ್ಲಚ್ ಹಿಡಿದೆ, ಬೀಳಲಿಲ್ಲ. ಈಗ ಕಿಕ್ ಇಳೀತಿದೆ, ಆದ್ರೆ ತುಂಬಾ ಗಟ್ಟಿ. ಹೊಡೀಲಾ?

ಮೇಸ್ತ್ರಿ: ಹೊಡೀಬೇಡ. ನಿನಗೆ ಏನೂ ಆಗಿಲ್ಲ ತಾನೆ? ಕ್ಲಚ್ ಹಿಡಿದದ್ದು ಒಳ್ಳೇದಾಯ್ತು. ಪೆಟ್ರೋಲ್ ಬಂದ್ ಮಾಡು. ತಣ್ಣಗಾದ ಮೇಲೆ ಗಾಡಿ ಚೆನ್ನಾಗಿ ತಿರುಗುತ್ತೆ, ಸ್ಟಾರ್ಟೂ ಆಗಬಹುದು, ಮೋಸ ಹೋಗಬೇಡ. ಸಿಲಿಂಡರ್ ಗೀರಾಗಿರುತ್ತೆ, ಪಿಸ್ಟನ್ನಿನ ಅಲ್ಯೂಮಿನಿಯಂ ಗೋಡೆಗೆ ಮೆತ್ತಿರುತ್ತೆ. ಎರಡೂ ಹೆಡ್ ಬಿಚ್ಚಿ ನೋಡದೆ ಒಂದು ಸುತ್ತೂ ತಿರುಗಿಸೋ ಹಾಗಿಲ್ಲ. ಹಳೇ ಕಾರ್ಬ್ ಎಲ್ಲಿ ಅಂದೆ, ಹೇಳಲಿಲ್ಲ.

ಆರ್‌ಡಿ ಹುಡುಗ: ಹಾಕಿಕೊಟ್ಟವರು ಎಕ್ಸ್‌ಚೇಂಜ್ ಅಂತ 1,500 ಕಮ್ಮಿ ಮಾಡಿ ಇಟ್ಕೊಂಡ್ರು ಅಣ್ಣ.

ಮೇಸ್ತ್ರಿ: ಈಗಲೇ ಫೋನ್ ಮಾಡಿ ವಾಪಸ್ ಕೇಳು, 3,000 ಕೇಳಿದ್ರೂ ಕೊಟ್ಟು ತಗೋ. ಗಾಡೀನ ಲಗೇಜ್ ಆಟೋದಲ್ಲಿ ಹಾಕ್ಕೊಂಡು ಬಾ, ಓಡಿಸ್ಕೊಂಡು ಬಂದ್ರೆ ನಾನು ಮುಟ್ಟಲ್ಲ.

ದಾವಣಗೆರೆ ಕುಮಾರ: ಇಂಥ ಸೀಜ್‌ಗೆ ಕೊಬ್ಬರಿ ಎಣ್ಣೆ ಬಿಡಬಹುದು ಅಂತ ಒಂದು ವಿಡಿಯೋ ಇದೆ, ಹಾಕ್ಲಾ?

ಅಡ್ಮಿನ್: ಬೇಡ. ಮೇಸ್ತ್ರಿ ಶೆಡ್ಡು ತೆಗೆಯೋಕೆ ಹೋದ್ರು. ಪ್ರಶ್ನೋತ್ತರ ಬಂದ್.

ಮಂಗಳೂರು ಶೆಟ್ರು: ವಿಜಯ್ ಸೂಪರ್?