65, 86, ಆಮೇಲೆ ಮೂರರಲ್ಲೊಂದರ ಮೇಲೊಂದು

(ರಾಜ್ಯಶಾಸ್ತ್ರ ಎಂ.ಎ. ಬ್ಯಾಚಿನ ಗುಂಪು, ಭಾನುವಾರ)

ನಾಗರಾಜ್, ಬೆಳಿಗ್ಗೆ 8:12
[ಫಾರ್ವರ್ಡ್ ಆದ ಚಿತ್ರ: "ಲೆಬನಾನ್ ರಾಜಕೀಯ ಒಂದೇ ನೋಟದಲ್ಲಿ! ಸಂಸತ್ತು 128 ಸೀಟು. ಎರಡೇ ಕೂಟ. ಮಾರ್ಚ್ 8: ಮುಸ್ಲಿಮರು, ಇರಾನ್ ಕಡೆ. ಮಾರ್ಚ್ 14: ಕ್ರೈಸ್ತರು, ಅಮೆರಿಕ ಕಡೆ. 65 ಬಂದವರದ್ದೇ ಸರ್ಕಾರ."]

ನಾಗರಾಜ್, 8:13
ಕೋಚಿಂಗ್ ಹುಡುಗರಿಗೆ ಕಳಿಸೋಣ ಅಂತಿದ್ದೀನಿ. ಚೊಕ್ಕವಾಗಿದೆ, ನೆನಪಿಟ್ಟುಕೊಳ್ಳೋಕೆ ಸುಲಭ.

ಶೋಭಾ, 8:31
ಕಳಿಸಬೇಡ ನಾಗರಾಜ. ಇದರಲ್ಲಿ 128 ಅನ್ನೋದೊಂದು ಸರಿ. ಉಳಿದಿದ್ದೆಲ್ಲ ತಪ್ಪು.

ನಾಗರಾಜ್, 8:33
ಮಾರ್ಚ್ 8, ಮಾರ್ಚ್ 14 ಕೂಟಗಳು ಇಲ್ವಾ ಹಾಗಾದ್ರೆ? ನಾವೇ ಓದಿದ್ದಲ್ವೇನೆ?

ಶೋಭಾ, 8:47
ಇದ್ದವು. ಮಾಜಿ ಪ್ರಧಾನಿ ರಫೀಕ್ ಹರೀರಿ ಕೊಲೆಯಾದದ್ದು 2005ರ ಫೆಬ್ರವರಿ 14. ಸಿರಿಯಾಕ್ಕೆ ಕೃತಜ್ಞತೆ ಹೇಳೋಕೆ ಇರಾನ್ ಬೆಂಬಲದ ಶಿಯಾ ಪಕ್ಷ ಹಿಜ್ಬುಲ್ಲಾದವರು ಮಾರ್ಚ್ 8ರಂದು ಸಭೆ ನಡೆಸಿದರು. ಸಿರಿಯಾ ಸೇನೆ ತೊಲಗಲಿ ಅಂತ ಎದುರಾಳಿಗಳು ಮಾರ್ಚ್ 14ರಂದು ಸೇರಿದರು. ಎರಡೂ ಹೆಸರು ಹುಟ್ಟಿದ್ದು ಆ ಎರಡು ದಿನಗಳಿಂದ. ಆದರೆ ಮಾರ್ಚ್ 14ರ ಬೆನ್ನೆಲುಬು ಹರೀರಿಯ ಫ್ಯೂಚರ್ ಪಕ್ಷ, ಅದು ಸುನ್ನಿಗಳ ಪಕ್ಷ. ಜೊತೆಗೆ ಡ್ರೂಜ್ ಪಂಥದ ನಾಯಕ ವಲೀದ್ ಜುಂಬ್ಲಾತ್, ಕ್ರೈಸ್ತರಲ್ಲಿ ಸಮೀರ್ ಜಾಜಾರ ಲೆಬನೀಸ್ ಫೋರ್ಸಸ್. ಇನ್ನೊಬ್ಬ ಕ್ರೈಸ್ತ ನಾಯಕ ಮಿಶೆಲ್ ಔನ್ ಬೆಂಬಲಿಗರೂ ಅವತ್ತು ಅದೇ ಬೀದಿಯಲ್ಲಿದ್ದರು. ಇದನ್ನು "ಕ್ರೈಸ್ತರು" ಅಂತ ಒಂದು ಪದದಲ್ಲಿ ಬರೆದರೆ ಓದಿದವರಿಗೆ ಮೋಸ ಮಾಡಿದ ಹಾಗೆ.

ಇನ್ನೊಂದು ಗಮನಿಸು. ಆ ಸಭೆಗಳಾಗಿ ಮೂರು ತಿಂಗಳೂ ಕಳೆದಿರಲಿಲ್ಲ, ಮೇ-ಜೂನ್ ಚುನಾವಣೆಗೆ ಹಿಜ್ಬುಲ್ಲಾ, ಇನ್ನೊಂದು ಶಿಯಾ ಪಕ್ಷ ಅಮಲ್, ಫ್ಯೂಚರ್, ಜುಂಬ್ಲಾತ್ ನಾಲ್ಕೂ ಕೈಜೋಡಿಸಿದರು. ನಾಲ್ವರ ಮೈತ್ರಿ ಅಂತಲೇ ಅದಕ್ಕೆ ಹೆಸರು. ಹೊರಗುಳಿದವರು ಔನ್. ಅವರು ಸಿರಿಯಾ ಕಡೆಯ ಹಳೇ ಕುಳಗಳನ್ನೇ ಜೊತೆಗಿಟ್ಟುಕೊಂಡು 21 ಸೀಟು ತಂದರು. 2006ರ ಫೆಬ್ರವರಿ 6ಕ್ಕೆ ಮಾರ್ ಮಿಖಾಯಿಲ್ ಚರ್ಚಿನಲ್ಲಿ ಹಿಜ್ಬುಲ್ಲಾ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಅಲ್ಲಿಂದ ಮುಂದೆ ಮಾರ್ಚ್ 8 ಕೂಟದ ಒಳಗೇ ದೊಡ್ಡ ಕ್ರೈಸ್ತ ಪಕ್ಷ ಕೂತಿತ್ತು.

ಮಂಜುನಾಥ್, 9:02
ಅಂದ್ರೆ ಸಿದ್ಧಾಂತ ಅನ್ನೋದೇ ಇಲ್ಲ. ನಮ್ಮಲ್ಲಿ 2006ರ 20-20 ಸರ್ಕಾರ, 2019ರಲ್ಲಿ 17 ಜನ ಶಾಸಕರು ಹೋಗಿದ್ದು, ಎಲ್ಲಾ ಒಂದೇ ಕಥೆ.

ಇಕ್ಬಾಲ್, 9:10
ಒಂದೇ ಅಲ್ಲ ಮಂಜು. ನಮ್ಮಲ್ಲಿ ಶಾಸಕ ಒಬ್ಬೊಬ್ಬನೇ ಹೋಗ್ತಾನೆ. ಅದಕ್ಕೇ 1985ರ ಪಕ್ಷಾಂತರ ನಿಷೇಧ, ವಿಪ್, ಅನರ್ಹತೆ, ಆಮೇಲೆ ಉಪಚುನಾವಣೆ. ಲೆಬನಾನ್‌ನಲ್ಲಿ ಆ ಥರ ಕಾಯಿದೆ ಇಲ್ಲ. ಅಲ್ಲಿ ನಾಯಕನೇ ಇಡೀ ಗುಂಪನ್ನು ಕರಕೊಂಡು ಬದಿ ಬದಲಾಯಿಸ್ತಾನೆ. ಗೆಲ್ಲೋದು ಪಂಥದ ಸೀಟಿನಲ್ಲಿ (ಪ್ರತಿ ಪಂಥಕ್ಕೂ ಇಂತಿಷ್ಟು ಸೀಟು ಅಂತ ಹಂಚಿಟ್ಟಿದ್ದಾರೆ), ಆ ಸೀಟು ಕೊಡಿಸೋದು ನಾಯಕ. ಅವನನ್ನು ಬಿಟ್ಟು ಹೋದ ಸಂಸದ ಮುಂದಿನ ಸಲ ಯಾರ ಪಟ್ಟಿಯಲ್ಲಿ ನಿಲ್ತಾನೆ?

ಶೋಭಾ, 9:14
ಇದು ಸರಿಯಾದ ಮಾತು. 2009ರಲ್ಲಿ ಮಾರ್ಚ್ 14ಕ್ಕೆ 71, ಎದುರಿಗೆ 57. ಆ ಆಗಸ್ಟಿನಲ್ಲೇ ಜುಂಬ್ಲಾತ್ ದೂರ ಸರಿದರು. 2011ರ ಜನವರಿಯಲ್ಲಿ ಅಧ್ಯಕ್ಷರು ಸಂಸದರನ್ನು ಪ್ರಧಾನಿ ಹೆಸರು ಕೇಳಿದಾಗ ನಜೀಬ್ ಮಿಕಾತಿಗೆ 68, ರಫೀಕರ ಮಗ ಸಾದ್ ಹರೀರಿಗೆ 60. ಮಧ್ಯೆ ಚುನಾವಣೆಯೇ ನಡೆದಿರಲಿಲ್ಲ.

ನಾಗರಾಜ್, 9:20
ಸರಿ, ಧರ್ಮದ ಸಾಲು ತೆಗೀತೀನಿ. ಆದರೆ "65 ಬಂದವರದ್ದೇ ಸರ್ಕಾರ" ತಪ್ಪು ಹೇಗೆ? 128ರ ಅರ್ಧದ ಮೇಲೊಂದು 65 ತಾನೇ?

ಶೋಭಾ, 9:41
ಅಲ್ಲಿ ಲೆಕ್ಕ ಒಂದಲ್ಲ. ಮೇಜು ಬದಲಾದ ಹಾಗೆ ಬೇಕಾದ ಸಂಖ್ಯೆಯೂ ಬದಲಾಗುತ್ತೆ, ದೋಸ್ತಿಯೂ ಬದಲಾಗುತ್ತೆ. ಇದು ತಿಳೀದಿದ್ರೆ ಅಲ್ಲಿನ ಮೈತ್ರಿ ಯಾವತ್ತಿಗೂ ಅರ್ಥವಾಗಲ್ಲ.

ಸ್ಪೀಕರ್ ಆಯ್ಕೆಗೆ 65 ಸಾಕು. ಅಧ್ಯಕ್ಷರ ಆಯ್ಕೆಗೆ 49ನೇ ವಿಧಿ ಪ್ರಕಾರ ಮೊದಲ ಸುತ್ತಲ್ಲಿ ಮೂರರಲ್ಲೆರಡು, ಅಂದರೆ 86. ಮುಂದಿನ ಸುತ್ತುಗಳಲ್ಲಿ 65. ಆದರೆ ಯಾವ ಸುತ್ತಾದರೂ ಸದನದಲ್ಲಿ 86 ಜನ ಕೂತಿರಲೇಬೇಕು ಅಂತ ಸ್ಪೀಕರ್ ನಬೀಹ್ ಬೆರ್ರಿ ಪಟ್ಟು ಹಿಡಿದು ನಡೆಸಿಕೊಂಡು ಬಂದಿದ್ದಾರೆ. ಹಾಗಾಗಿ 43 ಜನ ಎದ್ದು ಹೋದರೆ ಚುನಾವಣೆಯೇ ಇಲ್ಲ. ಗೆಲ್ಲಿಸೋಕೆ 65 ಬೇಕು, ಕೆಡಿಸೋಕೆ 43 ಸಾಕು.

2023ರ ಜೂನ್ 14 ನೋಡು. ಔನ್ ಪಕ್ಷ, ಅವರ ಬದ್ಧ ವೈರಿ ಜಾಜಾ ಪಕ್ಷ, ಜುಂಬ್ಲಾತ್ ಪಕ್ಷ, ಮೂರೂ ಅಧ್ಯಕ್ಷ ಹುದ್ದೆಗೆ ಜಿಹಾದ್ ಅಜೂರ್ ಹಿಂದೆ ನಿಂತವು. ಅಜೂರ್‌ಗೆ 59, ಹಿಜ್ಬುಲ್ಲಾ-ಅಮಲ್ ಬೆಂಬಲದ ಸುಲೈಮಾನ್ ಫ್ರಂಜಿಯೆಗೆ 51. ಎರಡನೇ ಸುತ್ತು ನಡೆದಿದ್ದರೆ 65ಕ್ಕೆ ಆರು ಮತ ಹುಡುಕಬೇಕಿತ್ತು. ಅದಕ್ಕೆ ಮುಂಚೆಯೇ ಎದುರು ಬದಿಯವರು ಎದ್ದು ಹೊರಟರು, ಕೋರಂ ಹೋಯಿತು.

ಮಂಜುನಾಥ್, 9:48
ಎಷ್ಟನೇ ಸಲ ಅದು?

ಶೋಭಾ, 9:49
12ನೇ ಅಧಿವೇಶನ. ಅದರ ಹಿಂದಿನ ಸಲ ಅಧ್ಯಕ್ಷ ಹುದ್ದೆ 2014ರ ಮೇ ತಿಂಗಳಿಂದ 29 ತಿಂಗಳು ಖಾಲಿ ಬಿದ್ದಿತ್ತು, ಮುಗಿದದ್ದು 46ನೇ ಅಧಿವೇಶನಕ್ಕೆ.

ಇಕ್ಬಾಲ್, 9:58
ಆ 2016ರ ಲೆಕ್ಕವನ್ನೇ ಕಾರ್ಡಿಗೆ ಹಾಕಬೇಕು ನಾಗರಾಜ. ಎರಡು ಕೂಟ ಅನ್ನೋ ಮಾತು ಮುಗಿದದ್ದೇ ಅಲ್ಲಿ. 2015ರ ಕೊನೆಗೆ ಮಾರ್ಚ್ 14ರ ಸಾದ್ ಹರೀರಿ, ಮಾರ್ಚ್ 8ರ ಫ್ರಂಜಿಯೆ ಅಧ್ಯಕ್ಷರಾಗಲಿ ಅಂದರು. ಅದನ್ನು ತಡೆಯೋಕೆ ಮಾರ್ಚ್ 14ರದ್ದೇ ಜಾಜಾ, 2016ರ ಜನವರಿ 18ರಂದು ತಮ್ಮ ನೆಲೆ ಮಾರಾಬ್‌ನಲ್ಲಿ ಔನ್ ಹೆಸರು ಹೇಳಿದರು. ಆ ಇಬ್ಬರ ಸೇನೆಗಳು 1990ರಲ್ಲಿ ಪರಸ್ಪರ ಗುಂಡು ಹಾರಿಸಿದ್ದವು. ಕೊನೆಗೆ ಹರೀರಿಯೂ ಔನ್ ಕಡೆ ಬಂದು ಪ್ರಧಾನಿ ಹುದ್ದೆ ಪಡೆದರು. ಅಕ್ಟೋಬರ್ 31ರಂದು ಮೊದಲ ಸುತ್ತಲ್ಲಿ ಔನ್‌ಗೆ 84, ಎರಡು ಮತ ಕಡಿಮೆ. ಮುಂದಿನ ಸುತ್ತಲ್ಲಿ 83, ಗೆದ್ದರು. ವಿರೋಧಿಸಿದವರು ಯಾರು ಗೊತ್ತಾ? ಹಿಜ್ಬುಲ್ಲಾದ ಖಾಸಾ ಮಿತ್ರ ಬೆರ್ರಿ. ಎರಡೂ ಕೂಟಗಳು ಒಳಗಿಂದಲೇ ಸೀಳಿದ್ದವು.

ಮಂಜುನಾಥ್, 10:05
ಇಷ್ಟಕ್ಕೆಲ್ಲ ಮೂಲ ಪಂಥವಾರು ಸೀಟು ಹಂಚಿಕೆ. ಅದನ್ನು ಕಿತ್ತು ಹಾಕಿ ಪ್ರಮಾಣಾನುಗುಣ ಚುನಾವಣೆ ತಂದರೆ ಪಕ್ಷಗಳು ನೆಟ್ಟಗಾಗ್ತವೆ.

ಇಕ್ಬಾಲ್, 10:26
ಪ್ರಮಾಣಾನುಗುಣ ಪದ್ಧತಿ 2017ರಲ್ಲೇ ಬಂತು ಮಂಜು. ಪಂಥದ ಹಂಚಿಕೆ ಹಾಗೇ ಉಳೀತು. ಎರಡೂ ಸೇರಿ ಮೈತ್ರಿ ಇನ್ನೂ ವಿಚಿತ್ರವಾಯಿತು. ಲೆಕ್ಕ ಹಾಕಿ ತೋರಿಸ್ತೀನಿ, ಸಂಖ್ಯೆಗಳು ಉದಾಹರಣೆಗೆ ಮಾತ್ರ.

ದೇಶಕ್ಕೆ 15 ಕ್ಷೇತ್ರ. ಒಂದು ಕ್ಷೇತ್ರದಲ್ಲಿ 8 ಸೀಟು, 1,60,000 ಮತ ಅಂತಿಟ್ಟುಕೋ. ಭಾಗಿಸಿದರೆ 20,000. ಇದು ಹೊಸ್ತಿಲು. ಪಟ್ಟಿ 'ಅ' 78,000, 'ಆ' 47,000, 'ಇ' 23,000, 'ಈ' 12,000. 'ಈ' ಪಟ್ಟಿ ಹೊಸ್ತಿಲು ದಾಟಿಲ್ಲ, ಪೂರ್ತಿ ಹೊರಗೆ. ಅದರ ಮತ ಕಳೆದು ಮತ್ತೆ ಭಾಗಿಸು: 1,48,000 ಭಾಗಿಸು 8, ಅಂದರೆ 18,500. 'ಅ'ಗೆ 4.22, 'ಆ'ಗೆ 2.54, 'ಇ'ಗೆ 1.24. ಪೂರ್ಣಾಂಕದಲ್ಲಿ 4, 2, 1, ಒಟ್ಟು 7. ಉಳಿದ ಒಂದು ಸೀಟು ದೊಡ್ಡ ಶೇಷ ಇರೋ 'ಆ' ಪಟ್ಟಿಗೆ. ಕೊನೆಗೆ 4, 3, 1.

ಇಲ್ಲಿ 12,000 ಮತದವನಿಗೆ ಸೊನ್ನೆ. ಅವನು ಮುಂದಿನ ಸಲ ತನ್ನ ಶತ್ರುವಿನ ಪಟ್ಟಿಗೇ ಸೇರ್ತಾನೆ. ಇಬ್ಬರ ಮತ ಕೂಡಿ ಹೊಸ್ತಿಲು ದಾಟಿದರೆ ಸಾಕು, ಒಂದೇ ಪಟ್ಟಿಯಲ್ಲಿದ್ದೂ ಒಬ್ಬರಿಗೊಬ್ಬರು ಮತ ಕೇಳಲ್ಲ. ಯಾಕಂದ್ರೆ ಮತದಾರ ಪಟ್ಟಿಗೊಂದು ಗುರುತು ಹಾಕಿ, ಅದರೊಳಗೆ ತನ್ನ ಒಳಕ್ಷೇತ್ರದ ಒಬ್ಬನಿಗೆ ಮಾತ್ರ ಆದ್ಯತಾ ಮತ ಕೊಡಬಹುದು. ಗೆದ್ದ ಪಟ್ಟಿಗಳ ಎಲ್ಲ ಅಭ್ಯರ್ಥಿಗಳನ್ನೂ ಆ ಆದ್ಯತಾ ಮತದ ಶೇಕಡಾವಾರು ಪ್ರಕಾರ ಒಂದೇ ಸಾಲಲ್ಲಿ ನಿಲ್ಲಿಸಿ ಮೇಲಿಂದ ಸೀಟು ಕೊಡುತ್ತಾ ಬರ್ತಾರೆ. ಪಂಥದ ಸೀಟು ತುಂಬಿದ್ದರೆ ಮುಂದಿನವನು, ಪಟ್ಟಿಯ ಪಾಲು ತುಂಬಿದ್ದರೂ ಮುಂದಿನವನು.

ಶೋಭಾ, 10:31
ಬಾಲದಲ್ಲಿ ಏನಾಗುತ್ತೆ ಅದನ್ನೂ ಹೇಳು.

ಇಕ್ಬಾಲ್, 10:36
ಕೊನೆಗೆ ಉಳಿದ ಪಂಥದ ಸೀಟು, ಕೊನೆಗೆ ಉಳಿದ ಪಟ್ಟಿಯ ಪಾಲು, ಎರಡೂ ಯಾರಿಗೆ ಹೊಂದುತ್ತೋ ಅವನಿಗೆ. ಮತ ಎಷ್ಟು ಅನ್ನೋದು ಆಗ ಲೆಕ್ಕಕ್ಕೇ ಬರಲ್ಲ. 2018ರಲ್ಲಿ ಜಹ್ಲೆ ಕ್ಷೇತ್ರದ ಅರ್ಮೇನಿಯನ್ ಸೀಟು ಗೆದ್ದವರಿಗೆ ಬಿದ್ದ ಆದ್ಯತಾ ಮತ 77.

ಮಂಜುನಾಥ್, 10:37
ಎಪ್ಪತ್ತೇಳು ಸಾವಿರ?

ಇಕ್ಬಾಲ್, 10:37
ಎಪ್ಪತ್ತೇಳು ಮತ.

ಇಕ್ಬಾಲ್, 10:44
ಹಾಗಾಗಿ 2022ರಲ್ಲಿ ಔನ್ ಪಕ್ಷ ಮತ್ತು ಬೆರ್ರಿಯ ಅಮಲ್, ಒಬ್ಬರಿಗೊಬ್ಬರು ಮುಖ ನೋಡದವರು, ಪಶ್ಚಿಮ ಬೆಕಾದಲ್ಲಿ ಒಂದೇ ಪಟ್ಟಿಯಲ್ಲಿದ್ದರು. ಅದೇ ದಿನ ಸೈದಾ-ಜೆಜ್ಜೀನ್‌ನಲ್ಲಿ ಎದುರಾಬದುರು. ಅಲ್ಲಿ ಇಬ್ಬರೂ ಸೋತರು. "ಔನ್-ಅಮಲ್ ಮೈತ್ರಿ ಇದೆಯಾ ಇಲ್ಲವಾ" ಅಂತ ಕೇಳಿದರೆ ಯಾವ ಕ್ಷೇತ್ರದಲ್ಲಿ ಅಂತ ತಿರುಗಿ ಕೇಳಬೇಕು.

ಮಂಜುನಾಥ್, 10:52
ಒಪ್ಪಿದೆ. ಆದರೆ ರೋಗ ಪಂಥದ ಹಂಚಿಕೆಯೇ ಅನ್ನೋ ಮಾತು ನಾನು ಬಿಡಲ್ಲ. ಆ 2022ರ ಚುನಾವಣೆಯಲ್ಲಿ ಹಿಜ್ಬುಲ್ಲಾ ಕೂಟ ಬಹುಮತ ಕಳಕೊಂಡಿತು. ಆದರೂ ಬೆರ್ರಿ ಸ್ಪೀಕರ್ ಆದರಲ್ಲ?

ಶೋಭಾ, 11:03
65 ಮತ, ಸರಿಯಾಗಿ 65. 1992ರಿಂದ ಏಳನೇ ಅವಧಿ. ಕಾರಣ ನೀನೇ ಹೇಳಿದ್ದು. ಸ್ಪೀಕರ್ ಶಿಯಾ ಆಗಿರಬೇಕು, ಇದು 1943ರ ರಾಷ್ಟ್ರೀಯ ಒಪ್ಪಂದದಿಂದ ಬಂದ ರೂಢಿ. ಶಿಯಾ ಸೀಟು 27. ಆ 27ನ್ನೂ ಅಮಲ್-ಹಿಜ್ಬುಲ್ಲಾ ಜೋಡಿ ಗೆದ್ದಾಗ ಎದುರು ನಿಲ್ಲಿಸೋಕೆ ಮನುಷ್ಯನೇ ಇಲ್ಲ. ಉಳಿದ 101ರಲ್ಲಿ ಎಷ್ಟೇ ಬದಲಾವಣೆ ಆಗಲಿ.

ರೇಣುಕಾ ಮೇಡಂ, 11:20
ಎಲ್ಲಾ ಓದಿದೆ. ಸಂಪುಟದ ಲೆಕ್ಕ ಯಾರೂ ಮುಟ್ಟಿಲ್ಲವಲ್ಲ. ನಾಗರಾಜನ ಕೊನೇ ಸಾಲು ಮುಖ್ಯವಾಗಿ ಕೆಡೋದು ಅಲ್ಲಿ.

ನಾಗರಾಜ್, 11:21
ನಮಸ್ಕಾರ ಮೇಡಂ. ನೀವೇ ಹೇಳಿ.

ರೇಣುಕಾ ಮೇಡಂ, 11:45
69ನೇ ವಿಧಿ: ಮಂತ್ರಿಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಜನ ಹೋದರೆ ಸರ್ಕಾರವೇ ರಾಜೀನಾಮೆ ಕೊಟ್ಟ ಹಾಗೆ. 65ನೇ ವಿಧಿ: ದೊಡ್ಡ ವಿಷಯಗಳಿಗೆ ಸಂಪುಟದಲ್ಲಿ ಮೂರರಲ್ಲೆರಡು ಒಪ್ಪಿಗೆ ಬೇಕು. ಎರಡೂ ಕೂಡಿ ನೋಡಿ. ಸಂಸತ್ತಿನಲ್ಲಿ ಸೋತವನು ಸಂಪುಟದಲ್ಲಿ ಮೂರರಲ್ಲೊಂದರ ಮೇಲೊಂದು ಕುರ್ಚಿ ಪಡೆದರೆ ಸರ್ಕಾರದ ಜುಟ್ಟು ಅವನ ಕೈಯಲ್ಲಿ. ಸರ್ಕಾರ ರಚನೆಗೆ ತಿಂಗಳುಗಟ್ಟಲೆ ಹಿಡಿಯೋದು ಖಾತೆಗಳ ಜಗಳದಿಂದ ಮಾತ್ರ ಅಲ್ಲ, ಆ ಒಂದು ಕುರ್ಚಿಯಿಂದ.

2006ರ ನವೆಂಬರ್. ಪ್ರಧಾನಿ ಸಿನಿಯೋರಾ ಸಂಪುಟ 24 ಜನ. ಐದು ಶಿಯಾ ಮಂತ್ರಿಗಳು, ಜೊತೆಗೆ ಒಬ್ಬ ಕ್ರೈಸ್ತ ಮಂತ್ರಿ ಹೊರಬಂದರು. ಆರು. ಬೇಕಿದ್ದದ್ದು ಒಂಬತ್ತು. ಸರ್ಕಾರ ಬೀಳಲಿಲ್ಲ. ಆದರೆ ಒಂದು ಪಂಥ ಪೂರ್ತಿ ಹೊರಗಿದ್ದರೆ ಸರ್ಕಾರ ಪಂಥಗಳ ಸಹಬಾಳ್ವೆಯ ಒಪ್ಪಂದಕ್ಕೆ ವಿರುದ್ಧ ಅಂದು ಸ್ಪೀಕರ್ ಸಂಸತ್ತನ್ನೇ ಕರೆಯಲಿಲ್ಲ. 2008ರ ಮೇ 7ರಂದು ಬೈರೂತ್ ಬೀದಿಗಳಲ್ಲಿ ಬಂದೂಕು ಮಾತಾಡಿತು. ಮೇ 21ರ ದೋಹಾ ಒಪ್ಪಂದದಲ್ಲಿ 30ರ ಸಂಪುಟ: ಬಹುಮತದವರಿಗೆ 16, ವಿರೋಧಿಗಳಿಗೆ 11, ಅಧ್ಯಕ್ಷರಿಗೆ 3. ಆ 11 ಇದೆಯಲ್ಲ, ಅದೇ 30ರಲ್ಲಿ ಮೂರರಲ್ಲೊಂದರ ಮೇಲೊಂದು.

2009ರಲ್ಲಿ ಗೆದ್ದ ಮೇಲೆ ಹರೀರಿ ಎಚ್ಚರ ವಹಿಸಿದರು: 15, 10, 5. ವಿರೋಧಿಗಳಿಗೆ ಹತ್ತೇ. 2011ರ ಜನವರಿ 12ರಂದು ಆ ಹತ್ತೂ ಜನ ರಾಜೀನಾಮೆ ಕೊಟ್ಟರು, ಅಧ್ಯಕ್ಷರ ಐವರಲ್ಲಿ ಒಬ್ಬ ಅದ್ನಾನ್ ಸಯ್ಯದ್ ಹುಸೇನ್ ಹನ್ನೊಂದನೆಯವರಾದರು. ಹರೀರಿ ಅವತ್ತು ವಾಷಿಂಗ್ಟನ್‌ನಲ್ಲಿ ಒಬಾಮರನ್ನು ಕಾಣುತ್ತಿದ್ದರು. ಒಳಗೆ ಹೋದದ್ದು ಪ್ರಧಾನಿಯಾಗಿ, ಹೊರಗೆ ಬಂದದ್ದು ಉಸ್ತುವಾರಿ ಪ್ರಧಾನಿಯಾಗಿ.

ಶೋಭಾ, 11:52
ಮೇಡಂ, ಇದರ ಜೊತೆ ಹಣಕಾಸು ಖಾತೆಯನ್ನೂ ಸೇರಿಸಬೇಕಲ್ವಾ? ಖರ್ಚಿನ ಆದೇಶಕ್ಕೆ ಮಾರೊನೈಟ್ ಕ್ರೈಸ್ತ ಅಧ್ಯಕ್ಷ, ಸುನ್ನಿ ಪ್ರಧಾನಿ ಸಹಿ ಜೊತೆ ಹಣಕಾಸು ಮಂತ್ರಿಯ ಸಹಿಯೂ ಬೇಕು. ಆ ಮೂರನೇ ಸಹಿ ಶಿಯಾದವರದ್ದೇ ಇರಲಿ ಅಂತ ಅಮಲ್ ಬಿಗಿ ಹಿಡಿಯೋದು ಅದಕ್ಕೇ.

ರೇಣುಕಾ ಮೇಡಂ, 11:55
ಹೌದು. 2025ರಲ್ಲೂ ಅದನ್ನು ಬಿಡಲಿಲ್ಲ. ಯಾಸೀನ್ ಜಾಬರ್ ಅಮಲ್ ಹೇಳಿದ ಹೆಸರು.

ಮಂಜುನಾಥ್, 12:04
2025ರ ಚಿತ್ರ ಹೇಗೆ ಮೇಡಂ? ಈಗ ಯಾರು ಯಾರ ಕಡೆ?

ರೇಣುಕಾ ಮೇಡಂ, 12:30
ಅದೇ ತಪ್ಪು ಪ್ರಶ್ನೆ ಮಂಜುನಾಥ. ಐದು ವಾರಗಳ ಮತಗಳನ್ನು ಸಾಲಾಗಿ ಇಟ್ಟು ನೋಡು.

ಜನವರಿ 9, ಅಧ್ಯಕ್ಷರ ಆಯ್ಕೆ. ಸೇನಾ ಮುಖ್ಯಸ್ಥ ಜೋಸೆಫ್ ಔನ್‌ಗೆ (ಮಿಶೆಲ್ ಔನ್‌ಗೆ ಸಂಬಂಧಿಕರಲ್ಲ, ಕಾರ್ಡಿನಲ್ಲಿ ಬೆರೆಸಬೇಡಿ) ಮೊದಲ ಸುತ್ತಲ್ಲಿ 71. ಅಮಲ್-ಹಿಜ್ಬುಲ್ಲಾ ಮತ ಹಾಕಿರಲಿಲ್ಲ. ಅಧಿವೇಶನ ಎರಡು ಗಂಟೆ ನಿಂತಿತು, ಅವರ ಪ್ರತಿನಿಧಿಗಳು ಔನ್ ಜೊತೆ ಮಾತಾಡಿ ಬಂದರು, ಎರಡನೇ ಸುತ್ತಲ್ಲಿ 99. ಮಿಶೆಲ್ ಔನ್ ಕಟ್ಟಿದ ಪಕ್ಷ ಮಾತ್ರ ವಿರೋಧದಲ್ಲೇ ಉಳಿಯಿತು.

ಜನವರಿ 13, ಪ್ರಧಾನಿ ಹೆಸರಿಗೆ ಸಮಾಲೋಚನೆ. ನವಾಫ್ ಸಲಾಂಗೆ 84, ಮಿಕಾತಿಗೆ 9. ನಾಲ್ಕು ದಿನ ಹಿಂದೆ ವಿರೋಧಿಸಿದ್ದ ಔನ್ ಪಕ್ಷ ಈಗ 84ರ ಒಳಗೆ. 99ರ ಒಳಗಿದ್ದ ಅಮಲ್-ಹಿಜ್ಬುಲ್ಲಾ ಈಗ ಹೊರಗೆ, ಯಾರ ಹೆಸರನ್ನೂ ಹೇಳಲಿಲ್ಲ. ಫೆಬ್ರವರಿ 8ಕ್ಕೆ 24ರ ಸಂಪುಟ: ಅಮಲ್-ಹಿಜ್ಬುಲ್ಲಾ ಒಳಗೆ, ಜಾಜಾ ಪಕ್ಷ ಒಳಗೆ, ಔನ್ ಪಕ್ಷ ಹೊರಗೆ.

ಆದರೆ ಈ ಸಲ ಅಮಲ್-ಹಿಜ್ಬುಲ್ಲಾ ಹೇಳಿದ ಹೆಸರುಗಳು ನಾಲ್ಕು ಮಾತ್ರ. ಐದನೇ ಶಿಯಾ ಮಂತ್ರಿಯನ್ನು ಅವರು ಆರಿಸಲಿಲ್ಲ. ಒಂಬತ್ತೂ ಇಲ್ಲ, ಪಂಥದ ಪೂರ್ತಿ ಹಿಡಿತವೂ ಇಲ್ಲ. ಆಗಸ್ಟ್ 7ರಂದು ಆಯುಧ ಸರ್ಕಾರದ ಕೈಯಲ್ಲಷ್ಟೇ ಇರಬೇಕು ಅನ್ನೋ ವಿಷಯಕ್ಕೆ ಶಿಯಾ ಮಂತ್ರಿಗಳು ಎದ್ದು ಹೋದರು. ಎದ್ದರೇ ಹೊರತು ರಾಜೀನಾಮೆ ಕೊಡಲಿಲ್ಲ. ನಿರ್ಧಾರ ನಿಲ್ಲಲಿಲ್ಲ, ಸರ್ಕಾರವೂ ಬೀಳಲಿಲ್ಲ. 2006ಕ್ಕೂ ಇದಕ್ಕೂ ಇರೋ ವ್ಯತ್ಯಾಸವನ್ನು ಹುಡುಗರಿಗೆ ಹೇಳಿಕೊಡಬೇಕು.

ಮಂಜುನಾಥ್, 12:41
ಅಂದ್ರೆ ಪಂಥದ ಹಂಚಿಕೆ ತೆಗೆಯದೇನೂ ಲೆಕ್ಕ ಬದಲಾಯಿಸಬಹುದು ಅಂತೀರಾ? ನನಗೆ ಪೂರ್ತಿ ಒಪ್ಪಿಗೆ ಆಗ್ತಿಲ್ಲ ಮೇಡಂ. ಅಂತರ್ಯುದ್ಧ ಮುಗಿಸೋಕೆ ಮಾಡಿಕೊಂಡ 1989ರ ತಾಯಿಫ್ ಒಪ್ಪಂದವೇ ಪಂಥಪದ್ಧತಿ ತೆಗೆಯಬೇಕು ಅಂದಿತ್ತು.

ರೇಣುಕಾ ಮೇಡಂ, 12:46
ಅಂದಿತ್ತು, ಸಂವಿಧಾನದ 95ನೇ ವಿಧಿಯಲ್ಲೂ ಇದೆ. ತೆಗೆಯೋ ಮತಕ್ಕೆ ಕೈ ಎತ್ತಬೇಕಾದವರು ಅದರಿಂದಲೇ ಗೆದ್ದು ಬಂದವರು. ನಿನ್ನ ವಾದ ನ್ಯಾಯವಾದದ್ದೇ, ದಾರಿ ತೋರಿಸು ಅಂತಷ್ಟೇ ನಾನು ಕೇಳೋದು.

ನಾಗರಾಜ್, 1:15
ಹಳೇ ಕಾರ್ಡು ಅಳಿಸಿದೆ. ಹೊಸದು ನೋಡಿ:
"ಲೆಬನಾನ್: 128 ಸೀಟು, ಕ್ರೈಸ್ತರಿಗೆ 64, ಮುಸ್ಲಿಂ-ಡ್ರೂಜ್‌ರಿಗೆ 64. ಸ್ಥಿರ ಕೂಟಗಳಿಲ್ಲ. ಮಾರ್ಚ್ 8, ಮಾರ್ಚ್ 14 ಹುಟ್ಟಿದ್ದು 2005, ಒಡೆದದ್ದು 2009ರಿಂದ 2016. ಸ್ಪೀಕರ್‌ಗೆ 65. ಅಧ್ಯಕ್ಷರಿಗೆ ಮೊದಲ ಸುತ್ತು 86, ಆಮೇಲೆ 65, ಕೋರಂ ಯಾವಾಗಲೂ 86. ಸಂಪುಟ ಬೀಳಿಸಲು 30ರಲ್ಲಿ 11, 24ರಲ್ಲಿ 8."

ಶೋಭಾ, 1:18
24ರಲ್ಲಿ ಮೂರರಲ್ಲೊಂದು ಅಂದ್ರೆ 8. ಅದಕ್ಕಿಂತ ಹೆಚ್ಚು ಬೇಕು. 9 ಅಂತ ತಿದ್ದಿ ಕಳಿಸು.