ಕಿಡ್ನಿ ಕಸಿ ಆದವರಿಗೆ ಕ್ಯಾನ್ಸರ್ ಬರುತ್ತಾ? ಕಿಡ್ನಿ ಡಾಕ್ಟರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಅಂಕೋಲಾದ ಸದಸ್ಯೆ): ನಮಸ್ಕಾರ ಡಾಕ್ಟ್ರೇ. ನಮ್ಮ ಯಜಮಾನರಿಗೆ ಕಿಡ್ನಿ ಕಸಿ ಆಗಿ ಮೂರು ವರ್ಷ ಆಯ್ತು. ಕೊಟ್ಟವರು ನಮ್ಮ ಅತ್ತೆ. ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ಚೆನ್ನಾಗಿದೆ, ಅಂಗಡಿ ವ್ಯಾಪಾರ ಮತ್ತೆ ನೋಡಿಕೊಳ್ಳುತ್ತಿದ್ದಾರೆ. ಮೊನ್ನೆ ಮದುವೆ ಮನೆಯಲ್ಲಿ ಯಾರೋ "ಆ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಕ್ಯಾನ್ಸರ್ ಬರ್ತದಂತೆ" ಅಂದುಬಿಟ್ಟರು. ಅವತ್ತಿನಿಂದ ಇವರು ಮಾತ್ರೆ ಅಂದರೆ ಮುಖ ತಿರುಗಿಸುತ್ತಾರೆ. ಎರಡು ರಾತ್ರಿ ತೆಗೆದುಕೊಳ್ಳಲೇ ಇಲ್ಲ. ಆ ಮಾತು ನಿಜವೇ?

ಉತ್ತರ: ಅಕ್ಕಾ, ಮೊದಲು ಇವತ್ತಿನ ಮಾತ್ರೆ ಕೊಡಿ, ಮುಂದಿನದನ್ನು ಆಮೇಲೆ ಓದಿ. ತಪ್ಪಿದ್ದಕ್ಕೆಂದು ಒಟ್ಟಿಗೆ ಡಬಲ್ ಕೊಡಬೇಡಿ. ಎರಡು ರಾತ್ರಿ ಬಿಟ್ಟ ವಿಷಯವನ್ನು ಕಸಿ ಮಾಡಿದ ಆಸ್ಪತ್ರೆಗೆ ನಾಳೆಯೇ ಫೋನ್ ಮಾಡಿ ಹೇಳಿ. ಬೈತಾರೆ ಅಂತ ಮುಚ್ಚಿಡಬೇಡಿ. ಅವರು ರಕ್ತ ಪರೀಕ್ಷೆ ಮಾಡಿಸಬಹುದು. ಮಾತ್ರೆ ಬಿಟ್ಟರೆ ದೇಹ ಹೊಸ ಕಿಡ್ನಿಯನ್ನು ಹೊರಗಿನದು ಅಂತ ಗುರುತಿಸಿ ತಿರಸ್ಕರಿಸುತ್ತದೆ. ಈ ಅಪಾಯ ಕೆಲವೇ ದಿನಗಳಲ್ಲಿ ಬಂದುಬಿಡಬಹುದು. ಕ್ಯಾನ್ಸರ್ ವಿಷಯ ಹಾಗಲ್ಲ, ಅದನ್ನು ಆಗಾಗ ತಪಾಸಣೆ ಮಾಡಿ ಹಿಡಿಯಲು ನಮಗೆ ಸಮಯ ಇರುತ್ತದೆ.

ಮದುವೆ ಮನೆಯ ಮಾತಿನಲ್ಲಿ ನಿಜ ಇದೆ. ಅರ್ಧ ನಿಜ ಅಷ್ಟೇ. ನಮ್ಮ ದೇಹದ ಕಾವಲು ಪಡೆ ಸೋಂಕಿನ ಜೊತೆ ಮಾತ್ರ ಹೋರಾಡುವುದಲ್ಲ. ಕೆಟ್ಟ ದಾರಿ ಹಿಡಿದ ಕೋಶಗಳನ್ನೂ ಹುಡುಕಿ ಕೊಲ್ಲುತ್ತದೆ, ಮೈಯೊಳಗೆ ಸುಮ್ಮನೆ ಮಲಗಿರುವ ವೈರಸ್‌ಗಳನ್ನು ಅಂಕೆಯಲ್ಲಿಡುತ್ತದೆ. ಕಸಿ ಆದವರು ನುಂಗುವ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಸ್ಟಿರಾಯ್ಡ್ ಮಾತ್ರೆಗಳು ಈ ಪಡೆಯನ್ನೇ ತಗ್ಗಿಸುತ್ತವೆ. ಕಿಡ್ನಿ ಉಳಿಯುವುದು ಹಾಗೆಯೇ. ಅಮೆರಿಕದ ಡಾ. ಇಸ್ರೇಲ್ ಪೆನ್ 1960ರ ದಶಕದ ಕೊನೆಯಿಂದಲೇ ಕಸಿ ಆದವರ ಕ್ಯಾನ್ಸರ್ ವಿವರಗಳನ್ನು ಕಲೆಹಾಕತೊಡಗಿದರು, ಹಾಗಾಗಿ ವೈದ್ಯರಿಗೆ ಇದು ಹೊಸ ಸಂಗತಿಯಲ್ಲ. 2011ರಲ್ಲಿ ಅಲ್ಲಿನ ಒಂದೂ ಮುಕ್ಕಾಲು ಲಕ್ಷ ಕಸಿಗಳ ದಾಖಲೆ ನೋಡಿದಾಗ, ಒಟ್ಟಾರೆ ಕ್ಯಾನ್ಸರ್ ಸಾಧ್ಯತೆ ಉಳಿದ ಜನರಿಗಿಂತ ಸುಮಾರು ಎರಡು ಪಟ್ಟು ಅಂತ ಕಂಡಿತು.

ಎರಡು ಪಟ್ಟು ಅಂದರೆ ಎಲ್ಲರಿಗೂ ಬರುತ್ತದೆ ಅಂತ ಅಲ್ಲ. ಎಲ್ಲ ಕ್ಯಾನ್ಸರೂ ಹೆಚ್ಚಾಗುವುದಿಲ್ಲ. ಆ ದಾಖಲೆಯಲ್ಲಿ ಸ್ತನ, ಪ್ರೋಸ್ಟೇಟ್ ಕ್ಯಾನ್ಸರ್ ಹೆಚ್ಚಾಗಿರಲಿಲ್ಲ. ಲಿಂಫೋಮಾ (ದುಗ್ಧ ಗ್ರಂಥಿಗಳ ಕ್ಯಾನ್ಸರ್), ತುಟಿ, ಕಿಡ್ನಿ ಮತ್ತು ಲಿವರ್ ಕ್ಯಾನ್ಸರ್ ಹೆಚ್ಚಾಗಿದ್ದವು. ಲಿಂಫೋಮಾದ ಹಿಂದೆ ಬಹಳ ಸಲ ಎಪ್ಸ್ಟೀನ್-ಬಾರ್ ವೈರಸ್ ಇರುತ್ತದೆ, ಲಿವರ್ ಕ್ಯಾನ್ಸರಿನ ಹಿಂದೆ ಹೆಪಟೈಟಿಸ್ ಬಿ, ಸಿ. ಇನ್ನು ಡಯಾಲಿಸಿಸ್ ಮುಂದುವರಿಸಿದ್ದರೆ ಒಳ್ಳೆಯದಿತ್ತೇನೋ ಅನ್ನುವ ಯೋಚನೆ ಬೇಡ. ಕಸಿಗೆ ಯೋಗ್ಯರಾದ ಹೆಚ್ಚಿನವರು, ಈ ಅಪಾಯವನ್ನೂ ಲೆಕ್ಕಕ್ಕೆ ಹಿಡಿದು, ಡಯಾಲಿಸಿಸ್‌ನಲ್ಲೇ ಉಳಿದವರಿಗಿಂತ ಜಾಸ್ತಿ ವರ್ಷ ಬದುಕುತ್ತಾರೆ.

ಪ್ರಶ್ನೆ (ಅದೇ ಸದಸ್ಯೆ): ಈಗ ಸ್ವಲ್ಪ ಜೀವ ಬಂತು. ಹಾಗಾದರೆ ಡೋಸ್ ಕಮ್ಮಿ ಮಾಡಿಸಬಹುದಾ? ಅತ್ತೆಗೂ ತೊಂದರೆ ಇದೆಯಾ?

ಉತ್ತರ: ಅತ್ತೆಗೆ ಇದರಿಂದ ಕ್ಯಾನ್ಸರ್ ಹೆಚ್ಚುವುದಿಲ್ಲ. ಅವರು ಕಿಡ್ನಿ ಕೊಟ್ಟರು, ಈ ಮಾತ್ರೆ ನುಂಗುತ್ತಿಲ್ಲ ಅಲ್ವಾ? ವರ್ಷಕ್ಕೊಮ್ಮೆ ಬಿಪಿ, ಮೂತ್ರ, ಕ್ರಿಯಾಟಿನಿನ್ ಪರೀಕ್ಷೆ ಮಾತ್ರ ತಪ್ಪಿಸಬಾರದು.

ಡೋಸನ್ನು ಡಾಕ್ಟರು ಟ್ಯಾಕ್ರೋಲಿಮಸ್ ಲೆವೆಲ್, ಅಂದರೆ ರಕ್ತದಲ್ಲಿ ಆ ಮಾತ್ರೆಯ ಪ್ರಮಾಣ, ನೋಡಿ ಇಳಿಸುತ್ತಾ ಬರುತ್ತಾರೆ. ಈ ಪರೀಕ್ಷೆಯಲ್ಲಿ ನಮ್ಮ ಕಡೆಯವರು ಆಗಾಗ ಎಡವುವುದು ಒಂದು ಕಡೆ: ನಸುಕಿನ ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿ ಮಾತ್ರೆ ನುಂಗಿ ಹೋಗುತ್ತಾರೆ. ಆಗ ಲೆವೆಲ್ ಸುಳ್ಳೇ ಜಾಸ್ತಿ ತೋರಿಸುತ್ತದೆ. ರಾತ್ರಿ ಮಾತ್ರೆಯಾಗಿ ಹನ್ನೆರಡು ತಾಸಿಗೆ, ಬೆಳಗಿನದ್ದು ನುಂಗುವ ಮೊದಲು ರಕ್ತ ಕೊಡಬೇಕು. ಮಾತ್ರೆ ಜೇಬಿನಲ್ಲಿರಲಿ, ರಕ್ತ ಕೊಟ್ಟು ಅಲ್ಲೇ ನುಂಗಲಿ. ಮನೆ ಹಿತ್ತಲಿನ ಚಕ್ಕೋತ ಕೂಡ ಬೇಡ, ಟ್ಯಾಕ್ರೋಲಿಮಸ್ ಲೆವೆಲ್ ಏರಿಸುತ್ತದೆ.

ಪ್ರಶ್ನೆ (ಶಿರಸಿ ಕಡೆಯ ಸದಸ್ಯರು): ನನಗೂ ಕಸಿ ಆಗಿದೆ. ತಂಬಾಕು ಬಿಟ್ಟಿದ್ದೇನೆ. ಊಟ ಆದ ಮೇಲೆ ಬರೇ ಎಲೆ, ಅಡಿಕೆ, ಸುಣ್ಣದ ಕವಳ. ಅದಕ್ಕೂ ಅಡ್ಡಿ ಹೇಳ್ತೀರಾ? ನಮ್ಮದು ತೋಟದ ಮನೆ.

ಉತ್ತರ: ತಂಬಾಕು ಬಿಟ್ಟಿದ್ದು ದೊಡ್ಡ ಕೆಲಸ, ಮನಸಾರೆ ಮೆಚ್ಚಿದೆ. ಆದರೂ ಅಡ್ಡಿ ಹೇಳಲೇಬೇಕು. ಅಡಿಕೆಯೇ ಈ ಜಿಲ್ಲೆಯ ಅನ್ನ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ತಂಬಾಕಿಲ್ಲದ ಕವಳವನ್ನೂ, ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಕಾವಲು ಇಳಿದಿರುವ ನಿಮ್ಮ ಮೈಗೆ ಅದು ಇನ್ನೂ ಬೇಡ. ತೋಟ ನೋಡಿಕೊಳ್ಳಿ, ಬಂದವರಿಗೆ ಕವಳದ ತಟ್ಟೆ ಕೊಡಿ, ನಿಮ್ಮ ಬಾಯಿಗೆ ಬೇಡ.

ಇವತ್ತೇ ಒಂದು ಕೆಲಸ ಮಾಡಿ. ಬೆಳಕಿಗೆ ನಿಂತು ಕನ್ನಡಿ ಹಿಡಿಯಿರಿ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಡಿ. ಹಿಡಿಸದಿದ್ದರೆ ಬಾಯಿ ಬಿಗಿಯುತ್ತಿದೆ ಅಂತ ಅರ್ಥ. ಕೆನ್ನೆಯನ್ನು ಹೊರಕ್ಕೆಳೆದು ಒಳಗೆ ನೋಡಿ, ನಾಲಿಗೆ ಎತ್ತಿ ಅಡಿಯಲ್ಲಿ ನೋಡಿ, ಎರಡೂ ಬದಿಗೆ ಹೊರಳಿಸಿ ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಾಗಿದರೆ ಉರಿ, ಎರಡು ವಾರ ಕಳೆದರೂ ಮಾಯದ ಹುಣ್ಣು, ಇದರಲ್ಲಿ ಒಂದಿದ್ದರೂ ಡೆಂಟಲ್ ಡಾಕ್ಟರಿಗೆ ತೋರಿಸಿ. ಕಸಿ ಆಗಿದೆ ಅಂತ ಮೊದಲೇ ಹೇಳಿ.

ಪ್ರಶ್ನೆ (ಕಾರವಾರದ ಸದಸ್ಯ): ಅಣ್ಣನಿಗೆ ಕಸಿ ಆಗಿದೆ, ಬೋಟಿಗೆ ಹೋಗುತ್ತಾನೆ. ಬಿಸಿಲಿಗೆ ಚರ್ಮದ ಕ್ಯಾನ್ಸರ್ ಜಾಸ್ತಿ ಅಂತ ಎಲ್ಲೋ ಓದಿದೆ.

ಉತ್ತರ: ನೀವು ಓದಿದ್ದು ಬಿಳಿ ಚರ್ಮದವರ ದೇಶಗಳ ಲೆಕ್ಕ ಇರಬೇಕು. ಅಲ್ಲಿ ಕಸಿ ಆದವರಲ್ಲಿ ಅತಿ ಹೆಚ್ಚು ಕಾಣುವುದು ಅದೇ. ನಮ್ಮ ಚರ್ಮದ ಕಪ್ಪು ಬಣ್ಣ ಸಾಕಷ್ಟು ಕಾಪಾಡುತ್ತದೆ. ಆದರೆ ಸಮುದ್ರದಲ್ಲಿ ನೀರಿನಿಂದ ಮೇಲೆ ಹೊಡೆಯುವ ಬಿಸಿಲೂ ಇದೆ. ತುಂಬು ತೋಳಿನ ಅಂಗಿ, ಅಗಲ ಅಂಚಿನ ಟೋಪಿ ಇರಲಿ. ಕಸಿಗೆ ಕೊಡುವ ಅಜಾಥಯೋಪ್ರಿನ್ ಅನ್ನುವ ಮಾತ್ರೆ ಇದ್ದರೆ ಇನ್ನೂ ಹುಷಾರು, ಅದು ಬಿಸಿಲಿನ ಹೊಡೆತ ಹೆಚ್ಚಿಸುತ್ತದೆ. ಕೆಳತುಟಿಯ ಮೇಲೆ ಒಣ ಹಕ್ಕಳೆ ಕಟ್ಟಿ ಹೋಗದೇ ಉಳಿದರೆ ತೋರಿಸಲೇಬೇಕು.

ಪ್ರಶ್ನೆ (ಹೊನ್ನಾವರದ ಸದಸ್ಯೆ): ಕೇಳಲು ಹೆದರಿಕೆ, ಆದರೂ ಕೇಳುತ್ತೇನೆ. ಒಂದು ವೇಳೆ ಬಂದೇಬಿಟ್ಟರೆ? ಅಮ್ಮ ದಿನಾ ಅಮೃತಬಳ್ಳಿ ಕಷಾಯ ಕೊಟ್ಟರೆ ಶಕ್ತಿ ಬರುತ್ತದೆ ಅನ್ನುತ್ತಾರೆ.

ಉತ್ತರ: ಕಷಾಯ ಮೊದಲು ನಿಲ್ಲಿಸಿ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಅಂತ ಕೊಡುವುದೆಲ್ಲ ನಾವು ಮಾತ್ರೆಯಿಂದ ಮಾಡುತ್ತಿರುವ ಕೆಲಸಕ್ಕೆ ಎದುರು. ಅಮೃತಬಳ್ಳಿಯಿಂದ ಲಿವರಿಗೆ ಪೆಟ್ಟಾದ ಉದಾಹರಣೆಗಳೂ ಇವೆ. ಅಮ್ಮನ ಪ್ರೀತಿಯನ್ನು ಗಂಜಿ, ಪಲ್ಯದಲ್ಲಿ ತೆಗೆದುಕೊಳ್ಳಿ.

ಬಂದರೆ ಏನು ಅನ್ನುವುದಕ್ಕೆ ನೇರವಾಗಿ ಹೇಳುತ್ತೇನೆ. ಕಸಿ ಆದವರಲ್ಲಿ ಕ್ಯಾನ್ಸರ್ ಸಾಮಾನ್ಯವಾಗಿ ಸ್ವಲ್ಪ ಬಿರುಸಾಗಿ ಬೆಳೆಯುತ್ತದೆ. ಫಲಿತಾಂಶವೂ ಉಳಿದವರಷ್ಟು ಚೆನ್ನಾಗಿರುವುದಿಲ್ಲ. ಹೃದಯದ ಕಾಯಿಲೆ, ಸೋಂಕು, ಕ್ಯಾನ್ಸರ್, ಕಸಿ ಆದವರ ಜೀವ ತೆಗೆಯುವ ದೊಡ್ಡ ಕಾರಣಗಳು ಈ ಮೂರು. ಹಾಗಂತ ಕೈಚೆಲ್ಲಬೇಕಿಲ್ಲ. ಬೇಗ ಸಿಕ್ಕಿದ ಗಡ್ಡೆಯನ್ನು ಆಪರೇಷನ್ ಮಾಡಿ ಪೂರ್ತಿ ತೆಗೆಯಬಹುದು. ಕಸಿಯ ನಂತರದ ಕೆಲವು ಲಿಂಫೋಮಾಗಳು ಮಾತ್ರೆ ತಗ್ಗಿಸಿದರೇ ಕುಗ್ಗುತ್ತವೆ, ಬೇಕಾದರೆ ರಿಟುಕ್ಸಿಮ್ಯಾಬ್ ಅನ್ನುವ ಮದ್ದು ಇದೆ. ಕೆಲವರಿಗೆ ಮಾತ್ರೆಯನ್ನು ಸಿರೋಲಿಮಸ್‌ಗೆ ಬದಲಿಸುತ್ತೇವೆ. ಈಚಿನ ಇಮ್ಯುನೋಥೆರಪಿ ಮದ್ದುಗಳು ಮಾತ್ರ ಕಾವಲು ಪಡೆಯನ್ನು ಬಡಿದೆಬ್ಬಿಸುವುದರಿಂದ ಕಿಡ್ನಿಯನ್ನೇ ಕಳೆಯಬಹುದು, ತುಂಬ ಯೋಚಿಸಿ ಕೊಡಬೇಕಾಗುತ್ತದೆ. ಕಿಡ್ನಿ ಹೋದರೂ ಡಯಾಲಿಸಿಸ್ ಇದೆ. ಲಿವರ್, ಹೃದಯ ಕಸಿಯವರಿಗೆ ಆ ದಾರಿ ಇಲ್ಲ.

ನಿಮ್ಮ ಕಡೆಯಿಂದ ಬೇಕಾದದ್ದು ಇಷ್ಟು. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಗಂಟು ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಜ್ವರ ಬಿಡದೇ ಕಾಡಿದರೆ ಕಾಯಬೇಡಿ. ಹೆಂಗಸರು ಗರ್ಭಕೋಶದ ಕೊರಳಿನ ಪರೀಕ್ಷೆಯನ್ನು ನಾಚಿಕೆ ಬಿಟ್ಟು ಮಾಡಿಸಿಕೊಳ್ಳಿ. ಅಲ್ಲಿ ಕ್ಯಾನ್ಸರ್ ತರುವುದು ಎಚ್‌ಪಿವಿ ವೈರಸ್, ಅದರ ಕ್ಯಾನ್ಸರ್‌ಗಳೂ ಕಸಿ ಆದವರಲ್ಲಿ ಹೆಚ್ಚು. ಇನ್ನೊಂದು, ಕಸಿ ಮಾಡುವಾಗ ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಹೊಸದನ್ನು ಕೆಳಹೊಟ್ಟೆಯಲ್ಲಿ ಜೋಡಿಸುತ್ತೇವೆ. ಆ ಹಳೆಯ ಕಿಡ್ನಿಗಳಲ್ಲೂ ಗಡ್ಡೆ ಬರಬಹುದು. ಆದ್ದರಿಂದ ಮುಂದಿನ ಸಲ ಸ್ಕ್ಯಾನಿಂಗ್ ಮಾಡಿಸುವಾಗ "ಹಳೆಯ ಎರಡನ್ನೂ ನೋಡಿ" ಅಂತ ಕೇಳಿ.