ಹಳೆಯ ಬಟ್ಟೆಗಳನ್ನು ಮಳೆಗಾಲಕ್ಕೆ ಮುನ್ನ ಎಲ್ಲಿಗೆ ಕೊಡಬೇಕು?

ಪ್ರಶ್ನೆ (ಶಿರಸಿ):
ಅತ್ತೆಯವರು ತೀರಿಕೊಂಡ ನಂತರ ಅಟ್ಟದಿಂದ ಇಳಿಸಿದ ಬಟ್ಟೆಗಳು ನಾಲ್ಕು ಗೋಣಿಚೀಲ ತುಂಬಿವೆ. ಅವುಗಳಲ್ಲಿ ನೂಲಿನ ಸೀರೆಗಳೂ ಟೆರಿಕಾಟ್ ಅಂಗಿಗಳೂ ಹರಿದ ಪಂಚೆಗಳೂ ಇವೆ. ಕೇಂದ್ರ ಸರ್ಕಾರವು 2023ರ ಮೇ ತಿಂಗಳಲ್ಲಿ ‘ಮೇರಿ ಲೈಫ್, ಮೇರಾ ಸ್ವಚ್ಛ ಶಹರ್’ ಅಭಿಯಾನದಡಿ ನಗರಗಳಲ್ಲಿ ‘ಆರ್‌ಆರ್‌ಆರ್’ (ರೆಡ್ಯೂಸ್, ರೀಯೂಸ್, ರೀಸೈಕಲ್, ಅಂದರೆ ಕಡಿಮೆ ಬಳಕೆ, ಮರುಬಳಕೆ, ಮರುಸಂಸ್ಕರಣೆ) ಕೇಂದ್ರಗಳನ್ನು ತೆರೆಸಿತ್ತು. ಅಂಥದ್ದೊಂದು ಕೇಂದ್ರಕ್ಕೆ ಚೀಲ ಹೊತ್ತು ಹೋದಾಗ ಬಾಗಿಲಿಗೆ ಬೀಗವಿತ್ತು. ಕಸದ ಗಾಡಿಗೆ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಬೇರೆ ದಾರಿ ಇದೆಯೇ?

ಉತ್ತರ 1 (ಕಾರವಾರ):
ಉಡಲು ಯೋಗ್ಯವಾದ ಬಟ್ಟೆ, ಪುಸ್ತಕ, ಆಟಿಕೆ, ಪಾದರಕ್ಷೆಗಳನ್ನು ಮತ್ತೊಬ್ಬರಿಗೆ ತಲುಪಿಸುವುದೇ ಆ ಕೇಂದ್ರಗಳ ಮುಖ್ಯ ಕೆಲಸ. ಹೊರಡುವ ಮೊದಲು ನಗರಸಭೆಯ ಆರೋಗ್ಯ ಶಾಖೆಗೆ ಕರೆ ಮಾಡಿ ಕೇಂದ್ರ ತೆರೆದಿದೆಯೇ ಎಂದು ವಿಚಾರಿಸುವುದು ಒಳ್ಳೆಯದು. ನಿಜವಾದ ತೊಡಕಿರುವುದು ಹರಿದ ಬಟ್ಟೆಯಲ್ಲಿ. ಹರಿಯಾಣದ ಪಾಣಿಪತ್‌ನಲ್ಲಿ ಹಳೆಯ ಬಟ್ಟೆಗಳನ್ನು ಬಣ್ಣವಾರು ಬೇರ್ಪಡಿಸಿ, ಗುಂಡಿ, ಜಿಪ್ ತೆಗೆದು, ಯಂತ್ರದಲ್ಲಿ ಸಿಗಿದು ಮತ್ತೆ ನೂಲು ಮಾಡುತ್ತಾರೆ. ಹಾಗೆ ಸಿಗಿದಾಗ ಎಳೆಗಳು ತುಂಡಾಗುವುದರಿಂದ ಆ ನೂಲು ಹೆಚ್ಚಾಗಿ ಕಂಬಳಿಗೇ ಹೋಗುತ್ತದೆ. ಟೆರಿಕಾಟ್‌ನಲ್ಲಿ ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತಿರುವುದರಿಂದ ಅವನ್ನು ಬೇರ್ಪಡಿಸುವುದು ಇನ್ನೂ ಕಷ್ಟ. ನಮ್ಮ ಕರಾವಳಿಯಲ್ಲಂತೂ ಜೂನ್ ಬಂದರೆ ಮೂಲೆಯಲ್ಲಿಟ್ಟ ಚೀಲದ ಒಂದು ತೇವದ ಬಟ್ಟೆಯಿಂದ ಇಡೀ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ, ಆಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಆದ್ದರಿಂದ ಮೊದಲು ಬಿಸಿಲಿಗೆ ಹರವಿ, ನೂಲಿನದನ್ನೂ ಟೆರಿಕಾಟ್‌ನ್ನೂ ಬೇರೆಬೇರೆ ಕಟ್ಟಿಡಿ.

ಉತ್ತರ 2 (ಯಲ್ಲಾಪುರ):
ಪಾಣಿಪತ್‌ ತನಕ ಯೋಚಿಸುವ ಮೊದಲು ನಮ್ಮ ಜಿಲ್ಲೆಯನ್ನೇ ನೋಡಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಸಮುದಾಯದ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿನತ್ತ ಹೊಲಿಯುತ್ತಾರೆ. ನಾಲ್ಕು ಮೂಲೆಗಳಿಗೂ ಮಡಿಸಿದ ತ್ರಿಕೋನದ ‘ಫೂಲ’ಗಳಿರುತ್ತವೆ, ಅವಿಲ್ಲದ ಕೌದಿಯನ್ನು ಅವರು ಪೂರ್ತಿಯಾದದ್ದೆಂದು ಒಪ್ಪುವುದಿಲ್ಲ. ಸರ್ಕಾರಿ ಕೇಂದ್ರಗಳಲ್ಲಿ ಕೂಡಿದ ನೂಲಿನ ಬಟ್ಟೆಯನ್ನು ಇಂಥ ಹೆಂಗಸರ ಸ್ವಸಹಾಯ ಸಂಘಗಳಿಗೆ ಕೊಟ್ಟು, ಸಿದ್ಧವಾದ ಕೌದಿಗಳನ್ನು ವಸತಿ ನಿಲಯಗಳಿಗೆ ತಕ್ಕ ಬೆಲೆಗೆ ಕೊಳ್ಳಬೇಕು. ತಿಂಗಳುಗಟ್ಟಲೆ ಕೂತು ಹೊಲಿದದ್ದಕ್ಕೆ ಕೂಲಿಯೇ ಹುಟ್ಟದಿದ್ದರೆ ಯಾವ ಯೋಜನೆಯೂ ಉಳಿಯದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಇಂದು ಅಂಗಳದಲ್ಲಿ ಬಟ್ಟೆ ಹರವಿದ್ದೇನೆ. ಅತ್ತೆಯವರ ಹನ್ನೊಂದು ನೂಲಿನ ಸೀರೆಗಳನ್ನು ಯಲ್ಲಾಪುರಕ್ಕೆ ನಾನೇ ತಂದು ಕೊಡುತ್ತೇನೆ. ಯಾವ ವಾರ ಬಂದರೆ ಅವರಿಗೆ ಅನುಕೂಲವೆಂದು ದಯವಿಟ್ಟು ತಿಳಿಸಿರಿ.